ಕ್ರೀಡಾಂಗಣ ತುಂಬಿದರೂ ಟಿಕೆಟ್ ದರ ಏರದಿರುವುದೇಕೆ?

ಪ್ರಶ್ನೆ: ಪ್ರತಿ ಪಂದ್ಯಕ್ಕೂ ಕ್ರೀಡಾಂಗಣ ತುಂಬುವ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ದರವನ್ನು ಇನ್ನಷ್ಟು ಏರಿಸಲು ಹಿಂಜರಿಯುವುದೇಕೆ?

ಉತ್ತರ 1: ಏರಿಸಲು ಹೋಗಿ ಕೈಸುಟ್ಟುಕೊಂಡ ಉದಾಹರಣೆಯಿದೆ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ತನ್ನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ನಿಗದಿಪಡಿಸಲು ಹೊರಟಾಗ, 2016ರ ಫೆಬ್ರುವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಅಭಿಮಾನಿಗಳು ಎದ್ದು ಹೊರನಡೆದರು. 2–0 ಮುನ್ನಡೆಯಲ್ಲಿದ್ದ ತಂಡ (ಕಾಕತಾಳೀಯವೇ ಇರಬಹುದು) 2–2 ಸಮಬಲಕ್ಕೆ ಇಳಿಯಿತು, ಕೆಲವೇ ದಿನಗಳಲ್ಲಿ ಕ್ಲಬ್ ಆ ದರವನ್ನು ಕೈಬಿಟ್ಟಿತು.

ಉತ್ತರ 2: ಜರ್ಮನಿಯ ಡಾರ್ಟ್ಮಂಡ್ ಕ್ಲಬ್‌ನ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಜನ ಅಗ್ಗದ ದರಕ್ಕೆ ನಿಂತು ನೋಡುತ್ತಾರೆ. ಆ ಗದ್ದಲವೇ ಪ್ರಾಯೋಜಕರನ್ನೂ ದುಬಾರಿ ಆಸನಗಳ ಗಿರಾಕಿಗಳನ್ನೂ ಸೆಳೆಯುವುದರಿಂದ, ಅಲ್ಲಿ ಬಿಟ್ಟುಕೊಟ್ಟ ಹಣ ಪೂರ್ತಿ ನಷ್ಟವೆಂದು ನಾನು ಎಣಿಸಲಾರೆ.

ಪ್ರಶ್ನಿಸಿದವರು: ಪರಊರಿನಿಂದ ಬರುವ ಎದುರಾಳಿ ತಂಡದ ಅಭಿಮಾನಿಗಳ ಗತಿಯೇನು?

ಉತ್ತರ 1: ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ 2016–17ರಿಂದ ಅವರ ಟಿಕೆಟ್‌ಗೆ 30 ಪೌಂಡ್‌ಗಳ ಮಿತಿಯಿದೆ.