ಕಠಾರಿ ಅಸಲಿಯಾ? ಸೂಜಿ ಕಾಯಿಸಿ ಚುಚ್ಚಿ ನೋಡಲಾ?

ಹೊಸಚಟ:
ಜರ್ಮನಿಗೆ ಹೋದಾಗ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಕಠಾರಿ ಕೊಂಡೆ. ಭೂಸೇನೆಯ ಅಧಿಕಾರಿಗಳು ಸಮವಸ್ತ್ರದ ಜೊತೆ ಸೊಂಟಕ್ಕೆ ತೂಗುಹಾಕುತ್ತಿದ್ದ, 1935ರಲ್ಲಿ ಬಂದ ಮಾದರಿ. ಹಿಡಿ ಹಣ್ಣಾದ ಕಿತ್ತಳೆ ಬಣ್ಣ. ಅಲಗಿನ ಬುಡದಲ್ಲಿ ಕತ್ತಿ ಹಿಡಿದ ಅಳಿಲು ಇದೆ, ಅಂದ್ರೆ ಸೋಲಿಂಗೆನ್ ಊರಿನ ಐಕ್‌ಹಾರ್ನ್ ಕಂಪನಿಯ ಗುರುತು. ಅಲ್ಲಿನ ಕಾನೂನಿಗೆ ಹೆದರಿ ನಾಜಿ ಚಿಹ್ನೆ ಇರುವ ಕಡೆ ಕಾಗದ ಅಂಟಿಸಿದ್ದಾರೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮೇಲೊಂದು, ಒರೆಯ ತುದಿಯ ಹತ್ತಿರ ಇನ್ನೊಂದು. ಇನ್ನೂ ಕಿತ್ತಿಲ್ಲ. ಕಾದ ಸೂಜಿಯಿಂದ ಹಿಡಿ ಚುಚ್ಚಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದಂತೆ. ಚುಚ್ಚಲಾ?

ತುಕ್ಕುತಾತ:
ಬೇಡಪ್ಪಾ, ಸೂಜಿ ಕೆಳಗಿಡು! ಹಿಡಿ ಅಸಲಿಯಾದರೆ ಅದು ಸೆಲ್ಯುಲಾಯ್ಡ್, ಅಂದ್ರೆ ಹಳೆ ಕಾಲದ ಪ್ಲಾಸ್ಟಿಕ್ ಆಗಿರೋದೇ ಜಾಸ್ತಿ. ಕಿಡಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುವ ವಸ್ತು ಅದು. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ತಕ್ಷಣ ಮೂಸಿ ನೋಡು. ಕರ್ಪೂರದ ವಾಸನೆ ಬರಬೇಕು, ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸುತ್ತಿದ್ದರು.

ಅಳಿಲನ್ನು ನೋಡಿ ಮರುಳಾಗಬೇಡ. ನಕಲಿ ಮಾಡುವವರಿಗೂ ಅದೇ ಅಳಿಲು ಪ್ರೀತಿ. ಭೂತಗನ್ನಡಿ ಹಿಡಿದು, ಅಡ್ಡಪಟ್ಟಿಯಲ್ಲಿ ನಾಜಿ ಚಿಹ್ನೆ ಹಿಡಿದು ಕೂತ ಹದ್ದಿನ ಗರಿ ನೋಡು. ಗೆರೆಗಳು ಚೂಪಾಗಿರಬೇಕು. ಕರಗಿದ ಸಾಬೂನಿನ ಥರ ಮೊಂಡಾಗಿದ್ದು ಮಧ್ಯೆ ಸಣ್ಣ ಗುಳಿಗಳಿದ್ದರೆ ಕೆಟ್ಟ ಎರಕ.

ನನಗೆ ತಲೆ ಕೆರೆಯೋದು ಬೇರೆ ವಿಷಯಕ್ಕೆ. ಒರೆಯ ತುದಿಗೆ ಕಾಗದ ಯಾಕೆ? ಭೂಸೇನೆಯ ಒರೆಯಲ್ಲಿ ಮುಚ್ಚುವಂಥದ್ದು ಏನೂ ಇರಲ್ಲ. ಮೈಯೆಲ್ಲ ಸಣ್ಣ ಹರಳು ಹರಳು, ಬಳೆಗಳ ಮೇಲೆ ಓಕ್ ಎಲೆ, ಅಷ್ಟೇ.

ಅಲಗುಪ್ರಿಯ:
ತಾತ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ತುದಿಯ ಗುಂಡು ತಿರುಗಿಸಿ ಹಿಡಿ ಬಿಚ್ಚೋಕೆ ಹೋಗಬೇಡಿ. ಹಳೆ ಹಿಡಿ ಒಣಗಿರುತ್ತದೆ. ನನ್ನದೊಂದು ಹೀಗೇ ಉದ್ದಕ್ಕೆ ಸೀಳಿತು. ಆ ಶಬ್ದ ಇನ್ನೂ ಕಿವಿಯಲ್ಲಿದೆ.

ಹೊಸಚಟ:
ಉಜ್ಜಿದೆ. ಕರ್ಪೂರ ಘಮ್ ಅಂತು! ಗರಿಗಳೂ ಚೂಪಾಗಿವೆ. ಆಮೇಲೆ ಒರೆಯ ಕಾಗದ ಕಿತ್ತೆ. ಕೆಳಗೆ ಇನ್ನೊಂದು ಹದ್ದು ಕೂತಿದೆ ತಾತ.

ತುಕ್ಕುತಾತ:
ಹಾಗಾದ್ರೆ ಒರೆ ವಾಯುಸೇನೆಯದು, 1937ರ ಮಾದರಿ. ಕಠಾರಿಯನ್ನು ಒಳಗೆ ತೂರಿಸಿ ಅಲ್ಲಾಡಿಸು, ಗಲಗಲ ಅನ್ನುತ್ತಾ? ಬೇಜಾರು ಮಾಡ್ಕೋಬೇಡ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ನೆನಪಿಗೆ ಅಂತ ಇವನ್ನು ಬಾಚಿಕೊಂಡು ಹೋದರು. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಆಗಲೇ ಬದಲಾಗಿರಬಹುದು. ಇಲ್ಲಾ ಮಾರಿದವನೇ ಜೋಡಿಸಿರಬಹುದು. ಕಠಾರಿ ಮಟ್ಟಿಗೆ ನೀನು ಹೇಳಿದ್ದೆಲ್ಲ ಚೆನ್ನಾಗೇ ಇದೆ, ಆದ್ರೆ ಪೂರ್ತಿ ಜೋಡಿಯ ಬೆಲೆ ಕೊಟ್ಟಿದ್ದರೆ ಜಾಸ್ತಿ ಕೊಟ್ಟೆ.

ಹೊಸಚಟ:
ಗಲಗಲ ಅನ್ನುತ್ತೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ.

ತುಕ್ಕುತಾತ:
ಮೊದಲು ಅದರಿಂದ ತೆಗೆ. ಸೆಲ್ಯುಲಾಯ್ಡ್ ಹಳತಾದಾಗ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಉಕ್ಕನ್ನೇ ತಿನ್ನುತ್ತದೆ. ಗಾಳಿಯಾಡುವ ಕಡೆ, ಒರೆ ಬೇರೆ ಕಠಾರಿ ಬೇರೆ ಇಡು. ಹೇಗೂ ಅವೆರಡಕ್ಕೂ ಸಂಬಂಧವಿಲ್ಲವಲ್ಲ.