ಇಳಕಲ್ ಸೀರಿ ಅಂಗಡಿ ಪೇಜ್ ಏಜೆನ್ಸಿಗೆ ಕೊಡಬೇಕೋ, ನಾವ ನೋಡ್ಕೋಬೇಕೋ?

ಸೆರಗು_ಇಳಕಲ್ಲ:
ಎಲ್ಲಾರಿಗೂ ನಮಸ್ಕಾರ್ರೀ. ಇಳಕಲ್ಲಾಗ ನಮ್ದು ಸೀರಿ ಅಂಗಡಿ, ಅಜ್ಜಾರ ಕಾಲದ್ದು. ಅಪ್ಪಾರು ಗಾದಿ ಮ್ಯಾಲೆ ಕೂತ್ರು ಅಂದ್ರ ಬಂದ ಗಿರಾಕಿ ಯಾವ ಊರವ್ರು, ಹೋದ ಸಲ ಮಗಳ ಮದ್ವಿಗೆ ಯಾವ ಬಣ್ಣ ಒಯ್ದಿದ್ರು ಅನ್ನೂದು ಸುದ್ದಾ ನೆನಪಿಟ್ಟಿರ್ತಾರ. ನಾ ಇನ್‌ಸ್ಟಾಗ್ರಾಮ್ ಪೇಜು, ವಾಟ್ಸಾಪ್ ಬಿಸಿನೆಸ್ ನಡಸಾಕತ್ತೀನಿ, ಪುಣೆ, ಸೊಲ್ಲಾಪುರ, ಬೆಂಗಳೂರಿಂದ ಆರ್ಡರ್ ಬರ್ತಾವು. ಈಗ ಅಣ್ಣ ಅನ್ನೂದು ಏನಂದ್ರ ಪೇಜ್ ಏಜೆನ್ಸಿಯವ್ರಿಗೆ ಕೊಟ್ಟಬಿಡೂಣು, ದಿನಾ ರೀಲ್ ಹಾಕ್ತಾರ, ಕಮೆಂಟಿಗೂ ಅವ್ರ ಉತ್ತರ ಕೊಡ್ತಾರ ಅಂತ. ನನಗ ಮನಸ್ಸಿಲ್ರಿ.

ಮೊನ್ನೆ ಪುಣೆಯವ್ರೊಬ್ರು ರೀಲ್ ಕೆಳಗ ಬರದ್ರು, ಕೈಮಗ್ಗ ಅಂತ ಹಾಕೀರಿ, ಪವರ್‌ಲೂಮ್ ಕಂಡಂಗ ಕಾಣ್ತೈತಿ ಅಂತ. ಆ ಸೀರಿ ನೇಯ್ದ ಮನಿ ನನಗ ಗೊತ್ತೈತಿ. ಮೈಯಿಂದು ಹತ್ತಿ ಹಾಸು (ಉದ್ದಕ್ಕ ಹಾಕೂ ನೂಲು), ಸೆರಗಿಂದು ರೇಷ್ಮಿ ಹಾಸು, ಎರಡೂ ಕೊಂಡಿ ಹಾಕಿ ಕೂಡಿಸಿದ ಜಾಗಾ ಬೆರಳಿಟ್ಟು ಹತ್ರದಿಂದ ತೋರಿಸಿ, ಆ ಮಗ್ಗ ನಡಿಯೂದೂ ವಿಡಿಯೋ ಮಾಡಿ ಸ್ಟೋರಿಗೆ ಹಾಕಿದೆ. ಅವ್ರು ಮತ್ತ ಸೆರಗಿನ ಟೋಪಿ ತೆನಿ ವಿನ್ಯಾಸದ ಬಗ್ಗೆ ಕೇಳಿದ್ರು, ಅದನ್ನೂ ಹೇಳಿದೆ, ಮಾತು ಬೆಳೀತು. ಇದೆಲ್ಲಾ ಏಜೆನ್ಸಿ ಹುಡುಗ ಹೆಂಗ್ ಹೇಳ್ತಾನ್ರಿ? ಧಂಧೆ ಮಾಡೂ ನೀವೆಲ್ಲಾ ಹೆಂಗ್ ಮಾಡ್ತೀರಿ ಹೇಳ್ರಿ.

ಒಣದ್ರಾಕ್ಷಿ_ತಿಕೋಟಾ:
ಅಣ್ಣಾರು ಹೇಳಿದ್ದರಾಗ ಅರ್ಧ ಖರೇ ಐತ್ರಿ. ಫೋಟೋ, ರೀಲು, ಜಾಹೀರಾತು ಹೊರಗ ಕೊಡ್ರಿ, ಉತ್ತರ ಕೊಡೂದು ಮಾತ್ರ ಮನ್ಯಾಗ ಇಟ್ಕೋರಿ. ನಮ್ಮ ವಿಜಯಪುರ ಕಡೆ ಒಣದ್ರಾಕ್ಷಿ ತಗೊಳ್ಳೂ ಮಂದಿ ಕೇಳೂದ ಒಂದು, ಇಷ್ಟು ಬಂಗಾರದ ಬಣ್ಣ ಹೆಂಗ ಬಂತು, ಗಂಧಕದ ಹೊಗಿ ಕೊಟ್ಟೀರೇನು ಅಂತ. ಕೊಟ್ಟಿದ್ರ ಕೊಟ್ಟೀವಿ ಅಂತೀನಿ, ಇಲ್ಲಂದ್ರ ದ್ರಾವಣದಾಗ ಅದ್ದಿ ನೆರಳಾಗ ಒಣಗಿಸಿದ್ದು ಅಂತ ರ್‍ಯಾಕಿನ ಫೋಟೋ ಕಳಸ್ತೀನಿ. ಬರೀ "ನ್ಯಾಚುರಲ್ ರೀ" ಅಂದು ಕೈ ಬಿಟ್ರ ಆ ಗಿರಾಕಿ ಮುಂದಿನ ಸೀಜನ್ನಿಗೆ ಬರಂಗಿಲ್ಲ, ಯಾಕ್ ಬರ್ಲಿಲ್ಲ ಅಂತ ನಮಗ ತಿಳಿಯಂಗೂ ಇಲ್ಲ.

ಇನ್ನೊಂದು, 2020ರ ಇ-ಕಾಮರ್ಸ್ ನಿಯಮ ಒಮ್ಮಿ ಓದ್ರಿ. ಆನ್‌ಲೈನ್ ಮಾರೂ ಸಂಸ್ಥೆಗೋಳು ದೂರು ಬಂದ 48 ತಾಸಿನ್ಯಾಗ ಮುಟ್ಟೇತಿ ಅಂತ ತಿಳಸಬೇಕು, ಒಂದ್ ತಿಂಗಳೊಳಗ ಬಗಿಹರಸಬೇಕು ಅಂತ ಐತಿ. ದೂರಿನ ಮೆಸೇಜು ಏಜೆನ್ಸಿ ಇನ್‌ಬಾಕ್ಸಿನ್ಯಾಗ ಬಿದ್ದಿತ್ತು ಅಂದ್ರ ಯಾರ್ ಕೇಳ್ತಾರ?

ಉದ್ಯಮಬಾಗ್_ಕ್ವಾಲಿಟಿ:
ನಾ ಬೆಳಗಾವಿ ಫೌಂಡ್ರಿಯೊಳಗ ಕ್ವಾಲಿಟಿ ನೋಡ್ಕೊಳ್ಳಾಕಿ. ನೀವಿಬ್ರೂ ಮಾಲಕರ ಉತ್ತರ ಕೊಡಬೇಕು ಅನ್ನಾಕತ್ತೀರಿ, ಅದ ನನಗ ಒಪ್ಗಿ ಇಲ್ರಿ. ಮಾಲಕ ಊರಿಗೆ ಹೋದ್ರ, ಆಸ್ಪತ್ರಿಗೆ ಹೋದ್ರ ಪೇಜ್ ಬಾಯಿ ಮುಚ್ಕೊಂಡು ಕುಂದ್ರಬೇಕೇನು? ಕೆಲಸದವ್ರಿಗೆ ಮಾತಾಡಾಕ ಅಧಿಕಾರ ಕೊಡ್ರಿ.

ನಮ್ಮಲ್ಲಿ ಕಾಸ್ಟಿಂಗ್‌ನ್ಯಾಗ (ಎರಕದ ಮಾಲಿನ್ಯಾಗ) ಬ್ಲೋಹೋಲ್, ಅಂದ್ರ ಗಾಳಿ ತೂತು, ಬಂದೈತಿ ಅಂತ ಗಿರಾಕಿ ವಾಟ್ಸಾಪಿಗೆ ಫೋಟೋ ಹಾಕಿದ್ರ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಅನ್ನೂ ಗುರುತು) ನೋಡಿ ಅವತ್ತಿನ ಶಿಫ್ಟಿನ್ಯಾಗ ಅಚ್ಚು ಮಾಡಿದ ಮೋಲ್ಡರನ್ನ ಕರದು ತೋರಸ್ತೀವಿ. ಅಲ್ಲಿ ಬೈಯ್ಯಂಗಿಲ್ಲ, ಇದು ಗಟ್ಟಿ ನಿಯಮ. ಮೊದಲ ಬೈತಿದ್ರಂತ, ಅವಾಗ ಏನಾಗ್ತಿತ್ತು ಅಂದ್ರ ಹುಡುಗ್ರು ತೂತಿಗೆ ಪುಟ್ಟಿ ತುಂಬಿ, ಗ್ರೈಂಡ್ ಮಾಡಿ, ಬಣ್ಣ ಹೊಡದು ಕಳಸಿಬಿಡ್ತಿದ್ರಂತ, ಗಿರಾಕಿ ಮಷೀನಿಂಗ್ ಮಾಡೂ ಹೊತ್ತಿಗೆ ಬಯಲಿಗೆ ಬರೂದು. ಒಳಗ ಅಂಜಿಕಿ ಇದ್ದ ಕಂಪನಿ ಹೊರಗ ಸುಳ್ಳ ಹೇಳತೈತಿ, ಪೇಜ್ ಎಷ್ಟ ಚಂದ ಇದ್ರೂ ಅಷ್ಟ. ನಿಮ್ಮ ಅಂಗಡ್ಯಾಗ ಪ್ಯಾಕ್ ಮಾಡೂ ಹುಡುಗ "ಅಣ್ಣಾ, ಈ ಸೀರಿಗೆ ಕಲಿ ಐತಿ, ಕಳಸೂದು ಬ್ಯಾಡ" ಅಂತ ಅಂಜದ ಹೇಳ್ತಾನೇನು? ಏಜೆನ್ಸಿ ಮಾತು ಆಮ್ಯಾಲೆ.

ಕುಣಿಮಗ್ಗ_ಗುಳೇದಗುಡ್ಡ:
ಅಕ್ಕಾರು ಸರಿಯಾಗಿ ಹೇಳಿದ್ರು. ನಮ್ದು ನೇಯೂ ಮನಿ, ಅದಕ್ಕ ನೇಕಾರರ ಪರ ಒಂದ್ ಮಾತು. ಏಜೆನ್ಸಿಯವ್ರು ಮೊದಲ ಕೇಳೂದು ಆಫರ್, ಅರ್ಧಾ ರೇಟು ಅಂತ ದೊಡ್ಡ ಅಕ್ಷರದಾಗ ಬರದು ರೀಲ್ ಬಿಡ್ತಾರ. ಆ ಅರ್ಧ ಕಡೀಕ ಬಂದು ನೇಕಾರನ ಮಜೂರಿ ಮ್ಯಾಲೆ ಕುಂದ್ರತೈತಿ. ಕೈಮಗ್ಗದ ಇಳಕಲ್ ಸೀರಿಗೆ ಹಾಸು ಕೂಡಿಸೂದ ಒಂದ್ ದೊಡ್ಡ ಕೆಲಸ, ಮನಿ ಹೆಣ್ಮಕ್ಕಳು ಕೂತು ಮಾಡ್ತಾರ, ಅದು ಯಾವ ರೀಲಿನ್ಯಾಗೂ ಕಾಣಂಗಿಲ್ಲ. ತೋರಿಸೂದಿದ್ರ ಅದನ್ನ ತೋರಸ್ರಿ, ಅವ್ರನ್ನ ಕೇಳಿ ತೋರಸ್ರಿ. ಪವರ್‌ಲೂಮ್ ಮಾಲಿದ್ರ ಪವರ್‌ಲೂಮ್ ಅಂತನ ಬರದು ಮಾರ್ರಿ, ಅದಕ್ಕೂ ಗಿರಾಕಿ ಅದಾರ. ಜಿಐ, ಅಂದ್ರ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕಿದ್ದು ನಮ್ಮ ಕೈಕೆಲಸಕ್ಕ, ಎರಡೂ ಒಂದ ಹೆಸರಿನ್ಯಾಗ ಕಲಸಬ್ಯಾಡ್ರಿ.

ಸೆರಗು_ಇಳಕಲ್ಲ:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ರಾತ್ರಿ ಅಪ್ಪಾರಿಗೆ, ಅಣ್ಣಗ ಕೂಡ್ಸಿ ಓದಿ ಹೇಳಿದೆ. ರೀಲ್ ತಗಿಯೂದು ಹೊರಗ, ಇನ್‌ಬಾಕ್ಸ್ ನಮ್ಮಲ್ಲೇ ಅಂತ ಮಾತಾತು. ಕೌಂಟರಿನ್ಯಾಗಿರೂ ಅಕ್ಕಾರು ಸೀರಿ ವಿಷಯದಾಗ ನನಗಿಂತ ಶಾಣ್ಯಾ, ಅಂಗಡಿ ಫೋನ್ ಅವ್ರ ಕೈಯಾಗ, ಬದಲಿ ಕೊಡೂದಿದ್ರ ನಮ್ಮನ್ನ ಕೇಳದ ಕೊಡಬಹುದು ಅಂತ ಅಪ್ಪಾರ ಹೇಳ್ಯಾರ. ರೇಟಿನ ಆಫರ್ ರೀಲ್ ಬ್ಯಾಡ ಅಂದ್ರ ಅಣ್ಣ ಇನ್ನೂ ಒಪ್ಪವಲ್ಲ, ದಸರಾಕ್ಕಾರ ಹಾಕೂಣು ಅಂತಾನ. ಅದಿರ್ಲಿ, ಪೇಜಿನ ಪಾಸ್‌ವರ್ಡ್ ಏಜೆನ್ಸಿಯವ್ರಿಗೆ ಕೊಡಬೇಕಾಗ್ತೈತೇನ್ರಿ?

ಒಣದ್ರಾಕ್ಷಿ_ತಿಕೋಟಾ:
ಬ್ಯಾಡ್ರಿ. ವಿಡಿಯೋ ಅವ್ರು ಕಳಸ್ಲಿ, ಹಾಕೂದು ನೀವ ಹಾಕ್ರಿ. ಸಿಮ್ ಸುದ್ದಾ ಅಪ್ಪಾರ ಹೆಸರಿನ್ಯಾಗ ಇರ್ಲಿ.