ಸಹಾಯ ಬೇಕು: ಹುಚ್ಚು ಹಿಡಿದ ಅನುಮಾನದ ನಾಯಿ, ಶಿಡ್ಲಘಟ್ಟ ತಾಲ್ಲೂಕು

ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತಿರುವ ಬೀದಿನಾಯಿಯೊಂದು ಖಾಲಿ ರೇಷ್ಮೆ ಹುಳುಮನೆಯಲ್ಲಿದೆ, ಬಾಗಿಲು ಹೊರಗಿನಿಂದ ಹಾಕಿದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಯಾರೂ ಬಾಯಿಗೆ ಕೈ ಹಾಕಬೇಡಿ. ಸಾಮಾನ್ಯವಾಗಿ ಮೈಮೇಲೆ ಬಿದ್ದು ಕಚ್ಚದ ಮಂಕು ರೇಬೀಸ್‌ನಲ್ಲೂ ಹೀಗೇ ಕಾಣುತ್ತದೆ.

ಊರಲ್ಲಿ ಹೊಡೆದು ಸಾಯಿಸೋಣ ಅನ್ನುತ್ತಿದ್ದಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆ ಹಿಡಿಸಬೇಕು, ಪಶುವೈದ್ಯರು ಮತ್ತು ಪ್ರಾಣಿ ಕಲ್ಯಾಣ ಸಂಸ್ಥೆಯ ಪ್ರತಿನಿಧಿ ಪರೀಕ್ಷಿಸಬೇಕು, ರೇಬೀಸ್ ಸಾಧ್ಯತೆ ಹೆಚ್ಚಿದ್ದರೆ ತಾನಾಗಿ ಸಾಯುವವರೆಗೆ ಪ್ರತ್ಯೇಕ ಇಡಬೇಕು. ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ತಲೆ ಜಜ್ಜಿದರೆ ರೇಬೀಸ್ ಖಚಿತಪಡಿಸುವ ಮಿದುಳಿನ ಪರೀಕ್ಷೆಯೂ ಕೈತಪ್ಪುತ್ತದೆ, ಅದು ಯಾರಿಗೂ ಹೊಳೆಯುವುದಿಲ್ಲ!

ಬೇಕಾಗಿರುವುದು: ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಪ್ರತ್ಯೇಕ ನಾಯಿಗೂಡು ಇರುವ ಜಾಗ, ಲಸಿಕೆ ಹಾಕಿಸಿಕೊಂಡ ಹಿಡಿಯುವವರು, ಪರೀಕ್ಷೆಗೆ ಬರುವ ಪ್ರತಿನಿಧಿ. ಸತ್ತ ಮೇಲೆ ಮಾದರಿಯನ್ನು ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಒಯ್ಯಲು ಐಸ್ ಪೆಟ್ಟಿಗೆ, ವಾಹನ. ತಲೆ ಬೇರ್ಪಡಿಸುವುದು ಪಶುವೈದ್ಯರ ಕೆಲಸ. ಮಾದರಿ ಕೆಡದಂತೆ ಹಾಕುವ ಫಾರ್ಮಾಲಿನ್ ದ್ರಾವಣ ಬೇಡ, ಮಾಮೂಲಿ ಪರೀಕ್ಷೆ ಕೆಡುತ್ತದೆ.

ಈ ನಾಯಿ ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಗುಲಿದ್ದರೆ 15 ನಿಮಿಷ ಸೋಪು, ಹರಿಯುವ ನೀರಲ್ಲಿ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ. ನಾಯಿ ಸಾಯಲಿ ಅಂತ ಕಾಯಬೇಡಿ. ಹಸುವಿಗೆ ಕಚ್ಚಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ, ಅದಕ್ಕೂ ಲಸಿಕೆಯಿದೆ. ಗೂಡಿನ ವಿಷಯ ಗೊತ್ತಿದ್ದವರು ಮೊದಲು ಹೇಳಿ.